ಚಳಿಗಾಲದಲ್ಲಿ ಹೂಗಿಡಗಳಿಗೂ ಬೇಕು ಆಸರೆ

ಮಳೆಗಾಲ ಮುಗಿದು ನವೆಂಬರ್ ಕಾಲಿಟ್ಟಿತೆಂದರೆ ಮನೆಯಲ್ಲಿ ಚಳಿಗಾಲದ ಸಿದ್ಧತೆಗಳು ಶುರುವಾಗುತ್ತವೆ. ಕಪಾಟಿನ ಅಡಿಯಲ್ಲಿದ್ದ ಸ್ವೆಟರು, ಕಂಬಳಿಗಳು ಬಿಸಿಲು ಕಾಣುತ್ತವೆ. ಮಕ್ಕಳ ಕಿವಿಗೆ ಟೋಪಿ, ಹಿರಿಯರ ಕಾಲಿಗೆ ಸಾಕ್ಸ್, ಒಡೆದ ಹಿಮ್ಮಡಿಗೆ ಎಣ್ಣೆ, ಹೀಗೆ ಮನೆಮಂದಿಯನ್ನೆಲ್ಲ ಚಳಿಯಿಂದ ಕಾಪಾಡುವ ಹೊಣೆ ಹೆಚ್ಚಾಗಿ ಗೃಹಿಣಿಯ ಮೇಲೆಯೇ ಬೀಳುತ್ತದೆ. ಆದರೆ ಅದೇ ಮನೆಯ ಅಂಗಳದಲ್ಲಿ, ಟೆರೇಸಿನ ಮೇಲೆ, ಬಾಲ್ಕನಿಯ ಮೂಲೆಯಲ್ಲಿ ರಾತ್ರಿಯಿಡೀ ಮಂಜಿಗೆ ಮೈಯೊಡ್ಡಿ ನಿಂತ ಹೂಗಿಡಗಳ ನೆನಪು ನಮ್ಮಲ್ಲಿ ಎಷ್ಟು ಮಂದಿಗೆ ಬರುತ್ತದೆ?

ಜನವರಿಯ ಹೊತ್ತಿಗೆ ಇದರ ಫಲ ಕಣ್ಣಿಗೆ ಬೀಳತೊಡಗುತ್ತದೆ. ದಾಸವಾಳದ ಎಲೆಗಳು ಹಳದಿಯಾಗಿ ಒಂದೊಂದೇ ಉದುರುತ್ತವೆ. ಬಿರಿಯಬೇಕಾದ ಮೊಗ್ಗು ಹಾಗೆಯೇ ಕಳಚಿ ಬೀಳುತ್ತದೆ. ಆಂಥೂರಿಯಂ ಎಲೆಯ ಅಂಚು ಕಪ್ಪಾಗುತ್ತದೆ. ಕನಕಾಂಬರದ ಗಿಡ ಮುರುಟಿಕೊಂಡು ನಿಲ್ಲುತ್ತದೆ. "ಈ ಗಿಡ ಇನ್ನು ಬದುಕುವುದಿಲ್ಲ" ಎಂದು ಕಿತ್ತೆಸೆದು, ಬೇಸಿಗೆಯಲ್ಲಿ ಮತ್ತೆ ನರ್ಸರಿಗೆ ಹೋಗಿ ಹೊಸ ಗಿಡಕ್ಕೆ ಹಣ ಕೊಡುವವರು ಬಹಳ ಮಂದಿ. ಹಣದ ಮಾತು ಹಾಗಿರಲಿ, ತವರಿನಿಂದ ತಂದು ನೆಟ್ಟ ಮಲ್ಲಿಗೆಯ ಬಳ್ಳಿ, ಹಿರಿಯರ ಕೈಯಿಂದ ಬಂದ ದಾಸವಾಳ ಒಮ್ಮೆ ಹೋದರೆ ಯಾವ ನರ್ಸರಿಯಲ್ಲಿಯೂ ಸಿಗುವುದಿಲ್ಲ. ಹೂ ಮಾರಿ ನಾಲ್ಕು ಕಾಸು ಸಂಪಾದಿಸುವ ಸಹೋದರಿಯರಿಗಂತೂ ಒಂದು ಗಿಡ ಹೋದರೆ ಮುಂದಿನ ಹಂಗಾಮಿನ ಆದಾಯದಲ್ಲಿಯೇ ಒಂದು ಪಾಲು ಹೋದಂತೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ದುಬಾರಿ ಸಲಕರಣೆಗಳೂ ಬೇಕಿಲ್ಲ. ಆದರೆ ಒಂದು ಮಾತನ್ನು ಮೊದಲೇ ತಿಳಿದುಕೊಳ್ಳಬೇಕು. ನಮ್ಮ ನಾಡಿನಲ್ಲಿ ಚಳಿಗಾಲದಲ್ಲಿ ಕುಂಡದ ಗಿಡ ಸಾಯುವುದು ಬರೀ ಚಳಿಯಿಂದಲ್ಲ. ಬಾಡಿದ ಗಿಡವನ್ನು ಕಂಡು ಗಾಬರಿಯಾಗಿ ನಾವು ಸುರಿಯುವ ನೀರು, ಹಾಕುವ ಗೊಬ್ಬರ, ಆಡಿಸುವ ಕತ್ತರಿ ಇವೂ ಅದಕ್ಕೆ ಕಾರಣ. ಚಳಿಗಾಲದಲ್ಲಿ ಗಿಡ ಬಯಸುವುದು ಉಪಚಾರವನ್ನಲ್ಲ, ವಿಶ್ರಾಂತಿಯನ್ನು.

ಚಳಿಯಲ್ಲಿ ಗಿಡದೊಳಗೆ ನಡೆಯುವುದೇನು?

ಚಳಿಗಾಲದ ಮುಂಜಾನೆ ತೆಂಗಿನೆಣ್ಣೆಯ ಬಾಟಲಿ ನೋಡಿದ್ದೀರಲ್ಲವೇ? ಬೇಸಿಗೆಯಲ್ಲಿ ನೀರಿನಂತೆ ಸುರಿಯುತ್ತಿದ್ದ ಎಣ್ಣೆ ಗಟ್ಟಿಯಾಗಿ ಬಾಟಲಿಯಲ್ಲಿಯೇ ಕುಳಿತಿರುತ್ತದೆ. ಸೆಖೆ ನಾಡಿನ ಗಿಡಗಳ ಒಳಗೂ ಸುಮಾರಾಗಿ ಇಂಥದ್ದೇ ನಡೆಯುತ್ತದೆ. ಗಿಡದ ಪ್ರತಿಯೊಂದು ಜೀವಕೋಶದ ಸುತ್ತ ಕೊಬ್ಬಿನಂಶದಿಂದಾದ ತೆಳುವಾದ ಪೊರೆಯೊಂದಿದೆ. ಉಷ್ಣತೆ 10-12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಹಾಗೆಯೇ ಮುಂದುವರಿದರೆ ಈ ಪೊರೆ ಬಿಗಿಯಾಗುತ್ತದೆ, ಕೋಶದ ಕೆಲಸ ಏರುಪೇರಾಗುತ್ತದೆ. ಎಲೆಯ ಮೇಲೆ ಕಪ್ಪು ಕಲೆ, ಹಳದಿ ಬಣ್ಣ, ಮೊಗ್ಗು ಉದುರುವುದು ಎಲ್ಲವೂ ಇದರ ಕುರುಹುಗಳು. ಇದಕ್ಕೆ ನೀರು ಹೆಪ್ಪುಗಟ್ಟುವಷ್ಟು ಚಳಿ ಬೇಕೆಂದೇನೂ ಇಲ್ಲ.

ಎರಡನೆಯದು ಹಿಮ. ಉಷ್ಣತೆ ಸೊನ್ನೆಗಿಳಿದರೆ ಎಲೆಯೊಳಗಿನ ನೀರೇ ಮಂಜುಗಡ್ಡೆಯಾಗುತ್ತದೆ. ಮಂಜುಗಡ್ಡೆಯ ಹರಳುಗಳು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತವೆ, ಪೊರೆಯನ್ನು ಹರಿಯುತ್ತವೆ. ಬಿಸಿಲೇರಿದ ಮೇಲೆ ಆ ಎಲೆ ಬೇಯಿಸಿದ ಸೊಪ್ಪಿನಂತೆ ಜೋತು ಬಿದ್ದು ಕಪ್ಪಾಗುತ್ತದೆ. ಮೃದುವಾದ ಕಾಂಡದ ಗಿಡಗಳು ಒಂದೇ ರಾತ್ರಿಯಲ್ಲಿ ನೆಲ ಕಚ್ಚುತ್ತವೆ.

ಇನ್ನು ಮೂರನೆಯದು ಮಣ್ಣಿನೊಳಗೆ, ನಮ್ಮ ಕಣ್ಣಿಗೆ ಕಾಣದೆ ನಡೆಯುವ ಸಂಗತಿ. ತಣ್ಣಗಿರುವ ಮಣ್ಣಿನಲ್ಲಿ ಬೇರು ನೀರನ್ನು ಹೀರುವುದು ನಿಧಾನವಾಗುತ್ತದೆ. ಹಗಲಿನ ಒಣಗಾಳಿ ಮತ್ತು ಬಿಸಿಲಿಗೆ ಎಲೆಯಿಂದ ನೀರು ಆರುತ್ತಲೇ ಇರುತ್ತದೆ. ಹೀಗಾಗಿ ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡುತ್ತದೆ! ಅದನ್ನು ನೋಡಿದ ನಾವು ನೀರು ಸಾಲಲಿಲ್ಲವೆಂದು ಮತ್ತೊಂದು ಚೆಂಬು ಸುರಿಯುತ್ತೇವೆ. ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲದಾಗಿ ಬೇರು ಕೊಳೆಯುತ್ತದೆ. ಬೇರು ಕೊಳೆತಂತೆ ಗಿಡ ಇನ್ನಷ್ಟು ಬಾಡುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ. ಹೀಗೆ ಎಷ್ಟೋ ಗಿಡಗಳು ಪ್ರೀತಿಗೇ ಬಲಿಯಾಗುತ್ತವೆ.

ನಿಮ್ಮೂರಿನ ಚಳಿ ಎಂಥದ್ದು?

ಎಲ್ಲ ಊರಿಗೂ ಒಂದೇ ಮದ್ದಿಲ್ಲ. ಮಂಗಳೂರು, ಉಡುಪಿ, ಭಟ್ಕಳದಂತಹ ಕರಾವಳಿ ಊರುಗಳಲ್ಲಿ ಡಿಸೆಂಬರಿನ ಹಗಲು 30 ಡಿಗ್ರಿ ದಾಟುತ್ತದೆ. ಅಲ್ಲಿ ಗಿಡಕ್ಕೆ ಹೊದಿಕೆಯ ಅಗತ್ಯವೇ ಇಲ್ಲ. ರಾತ್ರಿಯ ಇಬ್ಬನಿ ಮತ್ತು ಹಗಲಿನ ಒಣಗಾಳಿಯತ್ತ ಗಮನ ಕೊಟ್ಟರೆ ಸಾಕು.

ಕೊಡಗು, ಚಿಕ್ಕಮಗಳೂರು, ಹಾಸನದ ಎತ್ತರದ ಜಾಗಗಳಲ್ಲಿ ಮಂಜು ಮತ್ತು ತಣ್ಣನೆಯ ರಾತ್ರಿಗಳು ವಾರಗಟ್ಟಲೆ ಇರುತ್ತವೆ. ಬೀದರ್, ಕಲಬುರಗಿ, ವಿಜಯಪುರದಂತಹ ಬಯಲು ಸೀಮೆಯಲ್ಲಿ ಹಗಲು ಬಿಸಿಲಿದ್ದರೂ ಕೆಲವು ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬೆಂಗಳೂರಿನ ಚಳಿಯೂ ಕೆಲವು ವರ್ಷ ಚುರುಕಾಗಿರುತ್ತದೆ. ಆ ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ. ಅದು 1884ರ ಜನವರಿ 13ರಂದು. ಈ ಊರುಗಳಲ್ಲೆಲ್ಲ ಸೆಖೆ ನಾಡಿನ ಹೂಗಿಡಗಳಿಗೆ ಆಸರೆ ಬೇಕಾಗುತ್ತದೆ.

ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ ನಿಜವಾದ ಹಿಮವೇ ಬೀಳುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಊಟಿಯಲ್ಲಿ ಚಳಿಗಾಲದ ಬೆಳಗಿನಲ್ಲಿ ಹುಲ್ಲುಹಾಸು ಉಪ್ಪು ಚೆಲ್ಲಿದಂತೆ ಬೆಳ್ಳಗಾಗಿರುತ್ತದೆ. 1848ರಲ್ಲಿ ಆರಂಭವಾದ ಅಲ್ಲಿನ ಸರಕಾರಿ ಸಸ್ಯೋದ್ಯಾನದ ಮಾಲಿಗಳು ಮೃದುವಾದ ಅಲಂಕಾರಿಕ ಗಿಡಗಳನ್ನು 'ಕೋತಗಿರಿ ಮಲಾರ್' ಎಂಬ ಗಿಡದ ರೆಂಬೆಗಳಿಂದ ಮುಚ್ಚಿ ಕಾಪಾಡುತ್ತಾರೆ. ಮೇ ತಿಂಗಳ ಪುಷ್ಪಪ್ರದರ್ಶನದಲ್ಲಿ ನಾವು ನೋಡುವ ಸೊಬಗಿನ ಹಿಂದೆ ಡಿಸೆಂಬರಿನ ಈ ಶ್ರಮವೂ ಇದೆ.

ಆಕಾಶವನ್ನು ನೋಡಿ ರಾತ್ರಿಯ ಚಳಿಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಮೋಡವಿದ್ದರೆ ಅದು ಭೂಮಿಗೆ ಕಂಬಳಿಯಂತೆ, ಕಾವು ಮೇಲೆ ಹೋಗಲು ಬಿಡುವುದಿಲ್ಲ. ಮೋಡವಿಲ್ಲದೆ ನಕ್ಷತ್ರಗಳು ಫಳಫಳ ಹೊಳೆಯುತ್ತಿದ್ದು ಗಾಳಿಯೂ ನಿಂತಿದ್ದರೆ ಆ ರಾತ್ರಿ ಚಳಿ ಹೆಚ್ಚು. ಇನ್ನೊಂದು ವಿಷಯ. ಹವಾಮಾನ ವರದಿಯಲ್ಲಿ ಹೇಳುವ ಉಷ್ಣತೆ ನೆಲದಿಂದ ಮೇಲೆ, ನೆರಳಿನ ಪೆಟ್ಟಿಗೆಯಲ್ಲಿ ಅಳೆದದ್ದು. ಅಂಥ ರಾತ್ರಿ ನೆಲದ ಮಟ್ಟದಲ್ಲಿ ಅದಕ್ಕಿಂತ ಕೆಲವು ಡಿಗ್ರಿ ಕಡಿಮೆಯೇ ಇರುತ್ತದೆ. ಆದ್ದರಿಂದ ವರದಿಯಲ್ಲಿ 11 ಡಿಗ್ರಿ ಎಂದಿದ್ದರೆ ಅಂಗಳದ ಪುಟ್ಟ ಗಿಡಕ್ಕೆ ಅದಕ್ಕಿಂತ ಹೆಚ್ಚಿನ ಚಳಿಯೆಂದೇ ತಿಳಿಯಿರಿ.

ಮೊದಲು ಜಾಗ ಬದಲಿಸಿ

ಕುಂಡದ ಗಿಡಕ್ಕಿರುವ ದೊಡ್ಡ ಅನುಕೂಲವೆಂದರೆ ಅದನ್ನು ಎತ್ತಿಡಬಹುದು. ಅದೇ ಹೊತ್ತಿಗೆ ಕುಂಡದ ಮಣ್ಣು ನೆಲದ ಮಣ್ಣಿಗಿಂತ ಬೇಗ ತಣ್ಣಗಾಗುತ್ತದೆ ಎಂಬುದೂ ನೆನಪಿರಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆಯ ಉತ್ತರದ ಬದಿಯಲ್ಲಿ ಬೇಸಿಗೆಯಲ್ಲಿ ಚೆನ್ನಾಗಿದ್ದ ಗಿಡಕ್ಕೆ ಈಗ ಬಿಸಿಲೇ ಸಿಗದಿರಬಹುದು. ಅದನ್ನು ದಕ್ಷಿಣದ ಇಲ್ಲವೇ ಪಶ್ಚಿಮದ ಗೋಡೆಯ ಬಳಿಗೆ ತನ್ನಿ. ಹಗಲಿಡೀ ಬಿಸಿಲು ಹೀರಿದ ಗೋಡೆ ರಾತ್ರಿ ನಿಧಾನವಾಗಿ ಕಾವು ಬಿಡುತ್ತದೆ. ಮೇಲೆ ಸೂರು ಅಥವಾ ಸಜ್ಜಾ ಇದ್ದರೆ ಮಂಜೂ ನೇರವಾಗಿ ಬೀಳುವುದಿಲ್ಲ.

ಟೆರೇಸಿನ ಮಧ್ಯದಲ್ಲಿ ಒಂಟಿಯಾಗಿ ನಿಂತ ಕುಂಡಗಳಿಗೆ ಗಾಳಿ ಎಲ್ಲ ಕಡೆಯಿಂದ ಹೊಡೆಯುತ್ತದೆ. ಅವನ್ನು ಪ್ಯಾರಪೆಟ್ ಗೋಡೆಯ ಮೂಲೆಗೆ ಒಟ್ಟುಗೂಡಿಸಿ. ಗಟ್ಟಿಮುಟ್ಟಾದ ದೊಡ್ಡ ಗಿಡಗಳು ಹೊರಸುತ್ತಿನಲ್ಲಿರಲಿ, ನಾಜೂಕಿನ ಸಣ್ಣವು ಒಳಗಿರಲಿ. ತಣ್ಣನೆಯ ಸಿಮೆಂಟ್ ನೆಲದ ಮೇಲೆ ಕುಂಡವನ್ನು ನೇರವಾಗಿ ಇಡುವ ಬದಲು ಎರಡು ಇಟ್ಟಿಗೆ ಅಥವಾ ಮರದ ಹಲಗೆಯ ಮೇಲಿಡಿ. ನೀರು ಸರಾಗವಾಗಿ ಇಳಿದು ಹೋಗಲಿಕ್ಕೂ ಇದು ಒಳ್ಳೆಯದು. ರಾತ್ರಿ ಮನೆಯೊಳಗೆ ತಂದು ಬೆಳಿಗ್ಗೆ ಹೊರಗಿಡುವಷ್ಟು ತಾಳ್ಮೆಯಿದ್ದರೆ ಅದು ಇನ್ನೂ ಉತ್ತಮ. ಆದರೆ ಬಿಸಿಲಿಲ್ಲದ ಕೋಣೆಯಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ.

ನೀರು: ಕಡಿಮೆಯಿದ್ದರೆ ಕ್ಷೇಮ

ಏಪ್ರಿಲಿನಲ್ಲಿ ದಿನವೂ ನೀರು ಬೇಡುತ್ತಿದ್ದ ಕುಂಡಕ್ಕೆ ಡಿಸೆಂಬರಿನಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಸಾಕಾಗಬಹುದು. ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಮಣ್ಣನ್ನು ಮುಟ್ಟಿ ನೋಡಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಒಳಗೆ ತೇವ ತಗಲಿದರೆ ಅಂದು ನೀರು ಬೇಡ. ಒಣಗಿದ್ದರೆ ಮಾತ್ರ ಕುಂಡದ ತೂತಿನಿಂದ ಹೊರಬರುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಸಂಜೆ ನೀರು ಹಾಕುವ ಅಭ್ಯಾಸವಿದ್ದವರು ಈ ಮೂರು ತಿಂಗಳು ಅದನ್ನು ಬೆಳಿಗ್ಗೆ ಒಂಬತ್ತು ಹತ್ತು ಗಂಟೆಗೆ ಬದಲಾಯಿಸಿಕೊಳ್ಳಿ. ರಾತ್ರಿಯಿಡೀ ಟೆರೇಸಿನ ಟ್ಯಾಂಕಿನಲ್ಲಿದ್ದ ನೀರು ಮುಂಜಾನೆ ಕೊರೆಯುತ್ತಿರುತ್ತದೆ. ಬಕೆಟ್ಟಿನಲ್ಲಿ ಹಿಡಿದಿಟ್ಟು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಹಾಕಿ. ಹಾಗೆಂದು ಚಳಿಯಲ್ಲವೇ ಎಂದು ಬಿಸಿನೀರು ಹಾಕಲು ಹೋಗಬೇಡಿ! ನೀರು ಬುಡಕ್ಕೆ ಬೀಳಲಿ, ಎಲೆಗಲ್ಲ. ರಾತ್ರಿ ಒದ್ದೆಯಾಗಿರುವ ಎಲೆಗಳ ಮೇಲೆ ಶಿಲೀಂಧ್ರ ರೋಗಗಳು ಸುಲಭವಾಗಿ ಹರಡುತ್ತವೆ. ಕರಾವಳಿಯ ಸಹೋದರಿಯರು ಮಾತ್ರ ಹಗಲಿನ ಸೆಖೆಗೆ ಮಣ್ಣು ಬೇಗ ಆರುವುದನ್ನು ಗಮನಿಸಿ, ಅದಕ್ಕೆ ತಕ್ಕಂತೆ ನೀರು ಕೊಡಬೇಕು.

ಹಿಮ ಬೀಳುವ ಊರಲ್ಲಿ ನೆಲದಲ್ಲಿ ನೆಟ್ಟ ಗಿಡಗಳ ವಿಷಯ ಸ್ವಲ್ಪ ಬೇರೆ. ಒಣ ಮಣ್ಣಿಗಿಂತ ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಆದ್ದರಿಂದ ಹಿಮ ಬೀಳುವ ಸೂಚನೆಯಿದ್ದರೆ ಹಗಲಿನಲ್ಲಿಯೇ ಪಾತಿಗೆ ನೀರು ಹಾಯಿಸುತ್ತಾರೆ. ಇದು ನೆಲದ ಗಿಡಗಳಿಗೆ ಮಾತ್ರ, ಕುಂಡಗಳಿಗಲ್ಲ.

ಬುಡಕ್ಕೆ ಹಾಸಿಗೆ, ತಲೆಗೆ ಹೊದಿಕೆ

ಬೇರು ಬೆಚ್ಚಗಿದ್ದರೆ ಗಿಡದ ಅರ್ಧ ಕಷ್ಟ ಕಳೆದಂತೆ. ಒಣಗಿದ ತರಗೆಲೆ, ಹುಲ್ಲು, ತೆಂಗಿನ ನಾರು, ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ, ಹೀಗೆ ನಿಮ್ಮಲ್ಲಿ ಏನು ಸಿಗುತ್ತದೋ ಅದನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಬುಡದ ಸುತ್ತ ಹರಡಿ. ಕಾಂಡಕ್ಕೆ ತಾಗದಂತೆ ಒಂದೆರಡು ಅಂಗುಲ ಜಾಗ ಬಿಡಿ, ಇಲ್ಲದಿದ್ದರೆ ಕಾಂಡ ಕೊಳೆಯಬಹುದು. ಕುಂಡದ ಹೊರಮೈಗೆ ಹಳೆಯ ಗೋಣಿಚೀಲ ಸುತ್ತಿ ಹುರಿಯಿಂದ ಕಟ್ಟಿದರೆ ಅದಕ್ಕೊಂದು ಸ್ವೆಟರ್ ಹಾಕಿದಂತೆ.

ತೀರಾ ಚಳಿಯಿರುವ ರಾತ್ರಿಗಳಲ್ಲಿ ಮೇಲಿನಿಂದಲೂ ಮುಚ್ಚಬೇಕು. ಇದಕ್ಕೆ ಹಳೆಯ ಬೆಡ್‌ಶೀಟು, ಹಳೆಯ ದುಪಟ್ಟಾ, ತೆಳುವಾದ ಸೀರೆ ಸಾಕು. ಗಿಡದ ಸುತ್ತ ಮೂರು ನಾಲ್ಕು ಕೋಲು ನೆಟ್ಟು ಅದರ ಮೇಲೆ ಬಟ್ಟೆ ಹರಡಿ. ಬಟ್ಟೆಯ ಅಂಚು ನೆಲ ಮುಟ್ಟಬೇಕು ಎಂಬುದು ಇಲ್ಲಿ ಮುಖ್ಯ. ಗಿಡವನ್ನು ಕಾಪಾಡುವುದು ಬಟ್ಟೆಯಲ್ಲ, ನೆಲದಿಂದ ಮೇಲೇಳುವ ಕಾವು. ಬಟ್ಟೆಯನ್ನು ಗಿಡದ ತಲೆಗೆ ಮುಂಡಾಸಿನಂತೆ ಸುತ್ತಿ ಕಾಂಡಕ್ಕೆ ಕಟ್ಟಿಬಿಟ್ಟರೆ ಆ ಕಾವು ಒಳಗೆ ಬರುವುದೇ ಇಲ್ಲ. ಸಣ್ಣ ಗಿಡಗಳ ಮೇಲೆ ಬಿದಿರಿನ ಬುಟ್ಟಿಯನ್ನೋ ರಟ್ಟಿನ ಪೆಟ್ಟಿಗೆಯನ್ನೋ ಕವುಚಿ ಹಾಕಿದರೂ ಆಗುತ್ತದೆ.

ಪ್ಲಾಸ್ಟಿಕ್ ಹಾಳೆಯನ್ನು ಎಲೆಗೆ ತಾಗುವಂತೆ ಹೊದಿಸಬೇಡಿ. ಅದು ತಣ್ಣಗಾಗಿ ತಾಗಿದ ಎಲೆಯನ್ನೇ ಸುಡುತ್ತದೆ, ಒಳಗೆ ನೀರ ಹನಿಯೂ ಕಟ್ಟುತ್ತದೆ. ಬಳಸಲೇಬೇಕಾದರೆ ಕೋಲುಗಳ ಮೇಲೆ, ಎಲೆಯಿಂದ ದೂರವಿರಲಿ. ಯಾವ ಹೊದಿಕೆಯೇ ಆಗಲಿ ಸಂಜೆ ಕತ್ತಲಾಗುವ ಮೊದಲೇ ಹಾಕಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ. ತೆಗೆಯಲು ಮರೆತರೆ ಬಿಸಿಲಿಗೆ ಒಳಗೆ ಬೆಂದು ಹೋದೀತು. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ನೋಡಿ. ಶಾಲೆಯಿಂದ ಬಂದ ಮೇಲೆ ಗಿಡಗಳಿಗೆ ಹೊದಿಸುವ ಕೆಲಸವೆಂದರೆ ಅವರಿಗೆ ಬಲು ಖುಷಿ.

ಕತ್ತರಿಯನ್ನೂ ಗೊಬ್ಬರವನ್ನೂ ದೂರವಿಡಿ

ಗಿಡ ಸೊರಗಿದೆಯೆಂದು ಗೊಬ್ಬರ ಹಾಕುವವರು ಬಹಳ. ಯೂರಿಯಾದಂತಹ ಸಾರಜನಕದ ಗೊಬ್ಬರ ಎಳೆಯ ಚಿಗುರನ್ನು ತರಿಸುತ್ತದೆ. ಚಳಿಗೆ ಮೊದಲು ಬಲಿಯಾಗುವುದೇ ಎಳೆ ಚಿಗುರು. ಕೊಂಬೆ ಸವರಿದರೂ ಇದೇ ಫಲ. ಆದ್ದರಿಂದ ಚಳಿ ಹೆಚ್ಚಿರುವ ಊರಿನಲ್ಲಿ ಸೆಖೆ ನಾಡಿನ ಹೂಗಿಡಗಳಿಗೆ ನವೆಂಬರಿನಿಂದ ಜನವರಿ ಕೊನೆಯವರೆಗೆ ಕತ್ತರಿಯೂ ಬೇಡ, ಗೊಬ್ಬರವೂ ಬೇಡ. ಒಣಗಿದ ಎಲೆ, ಬಾಡಿದ ಹೂ ತೆಗೆದರೆ ಸಾಕು. ಕುಂಡ ಬದಲಿಸುವುದನ್ನೂ ಫೆಬ್ರವರಿಗೆ ಮುಂದೂಡಿ. ಮೇಲೆ ಒಣಗಿದಂತೆ ಕಾಣುವ ಕೊಂಬೆ ಕೂಡ ಕೆಳಗಿನ ಭಾಗಕ್ಕೆ ಚಳಿಯಿಂದ ಮರೆಯಾಗಿರುತ್ತದೆ.

ಯಾವ ಗಿಡಕ್ಕೆ ಏನು?

ಮಲ್ಲಿಗೆ: ದುಂಡುಮಲ್ಲಿಗೆಗೆ ಸೆಖೆ, ಬಿಸಿಲೆಂದರೆ ಪ್ರೀತಿ. ಚಳಿ ಶುರುವಾದಂತೆ ಹೂ ಇಳಿಯುತ್ತದೆ, ಪೇಟೆಯಲ್ಲಿ ಬೆಲೆ ಏರುತ್ತದೆ. ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಯನ್ನು ಅಟ್ಟೆಯ ಲೆಕ್ಕದಲ್ಲಿ ಮಾರುವ ಮಹಿಳೆಯರಿಗೆ ಇದು ಚೆನ್ನಾಗಿ ಗೊತ್ತು. ಹೂವಿಲ್ಲವೆಂದು ಈಗ ಗಿಡವನ್ನು ಪೀಡಿಸದೆ ಮುಂದಿನ ಹಂಗಾಮಿಗೆ ಅಣಿಗೊಳಿಸಬೇಕು. ಮಲ್ಲಿಗೆ ಬಿಡುವುದು ಹೊಸ ಚಿಗುರಿನಲ್ಲಿ. ಚಳಿ ಕಡಿಮೆಯಿರುವ ಕಡೆ ನವೆಂಬರ್ ಕೊನೆಯ ವಾರದಲ್ಲಿ ಗಿಡವನ್ನು ನೆಲದಿಂದ 50 ಸೆಂಟಿಮೀಟರ್ ಎತ್ತರಕ್ಕೆ ಸವರಬೇಕೆಂಬುದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಚಳಿ ಜೋರಾಗಿರುವ ಊರಿನವರು ಇದೇ ಕೆಲಸವನ್ನು ಫೆಬ್ರವರಿಯಲ್ಲಿ ಮಾಡುವುದು ಕ್ಷೇಮ. ಚಳಿಗಾಲದಲ್ಲಿಯೂ ಮುಡಿಗೆ ಹೂ ಬೇಕೆನ್ನುವವರು ಒಂದು ಕಾಕಡ ಗಿಡ ನೆಟ್ಟುಕೊಳ್ಳಿ. ಅದಕ್ಕೆ ಪರಿಮಳ ಕಡಿಮೆಯಾದರೂ ಚಳಿಯಲ್ಲಿ ಹೂ ಕೊಡುತ್ತದೆ.

ದಾಸವಾಳ: 10 ಡಿಗ್ರಿಗಿಂತ ಕೆಳಗೆ ಎಲೆ ಹಳದಿಯಾಗುತ್ತದೆ, ಮೊಗ್ಗು ಉದುರುತ್ತದೆ. ಬಿಸಿಲಿರುವ ಜಾಗಕ್ಕೆ ಸರಿಸಿ, ನೀರು ಇಳಿಸಿ. ಎಲೆಯ ಕಂಕುಳಲ್ಲಿ ಬಿಳಿ ಹತ್ತಿಯಂತಹ ಹಿಟ್ಟು ತಿಗಣೆ ಇದೆಯೇ ನೋಡಿ. ಇದ್ದರೆ ತೆಳುವಾದ ಸಾಬೂನು ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ. ಬಿಸಿಲಿರುವ ಹೊತ್ತಿನಲ್ಲಿ ಈ ಕೆಲಸ ಮುಗಿಸಿ.

ಆಂಥೂರಿಯಂ: ಕೊಡಗು, ಮಲೆನಾಡುಗಳಲ್ಲಿ ಗೃಹಿಣಿಯರು ನೆರಳು ಪರದೆಯಡಿ ಬೆಳೆದು ಮಾರುವ ಹೂವಿದು. 15 ಡಿಗ್ರಿಗಿಂತ ಕೆಳಗೆ ಇದರ ಬೆಳವಣಿಗೆ ಕುಂಠಿತವಾಗುತ್ತದೆ. ತಣ್ಣನೆಯ ಗಾಳಿ ಬೀಸುವ ಬದಿಗೆ ಪರದೆಯನ್ನು ನೆಲದವರೆಗೆ ಇಳಿಸಿ. ಒಣಗಾಳಿಯೂ ಇದಕ್ಕೆ ಒಗ್ಗದು. ಹಗಲಿನಲ್ಲಿ ನಡುವಿನ ದಾರಿಗೆ ನೀರು ಚಿಮುಕಿಸಿ ಸುತ್ತಲೂ ತೇವವಿರುವಂತೆ ನೋಡಿಕೊಳ್ಳಿ. ಎಲೆ ಮಾತ್ರ ಸಂಜೆಯೊಳಗೆ ಒಣಗಿರಬೇಕು.

ಕನಕಾಂಬರ: ಅಬ್ಬಲಿಗೆಯೆಂದೂ ಕರೆಯುವ ಈ ಹೂವಿನ ಗಿಡ ಚಳಿಗೆ ಬಹಳ ಬೇಗ ಸೊರಗುತ್ತದೆ. ಬಿಸಿಲಿಗಿಟ್ಟು, ಹೂ ಮುಗಿದ ತೆನೆಗಳನ್ನು ಚಿವುಟಿ ತೆಗೆಯಿರಿ. ಬುಡದಲ್ಲಿ ನೀರು ನಿಂತರೆ ಇದು ಉಳಿಯುವುದಿಲ್ಲ.

ಅಡೇನಿಯಂ: ದಪ್ಪ ಬುಡದ ಈ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಗಾಬರಿಯಾಗಬೇಡಿ, ಬೇಕಾದ ನೀರನ್ನು ಅದು ಬುಡದಲ್ಲಿಯೇ ಕೂಡಿಟ್ಟಿರುತ್ತದೆ. ಎಲೆಯೆಲ್ಲ ಉದುರಿದ ಮೇಲೆ ನೀರನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡಿ. ಮಂಜು ಬೀಳದ ಕಡೆ ಇಡಿ. ಹೊಸ ಚಿಗುರು ಕಂಡ ಮೇಲೆ ನೀರು ಕೊಟ್ಟರೆ ಸಾಕು. ದೇವಕಣಗಿಲೆಯೂ ಹೀಗೆಯೇ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ.

ಮದರಂಗಿ: ಹೂವಿಗಾಗಿ ಯಾರೂ ಇದನ್ನು ಬೆಳೆಸದಿದ್ದರೂ ಇದರ ಸಣ್ಣ ಹೂಗೊಂಚಲಿನ ಪರಿಮಳ ಗೊತ್ತಿದ್ದವರಿಗೆ ಗೊತ್ತು. ಇದು ಸೆಖೆ ನಾಡಿನ ಗಿಡ. ಚಳಿಯಲ್ಲಿ ಚಿಗುರುವುದು ಬಲು ನಿಧಾನ. ಡಿಸೆಂಬರಿನಲ್ಲಿ ಮನೆಯಲ್ಲಿ ಮದುವೆಯಿದ್ದರೂ ಗಿಡವನ್ನು ಪೂರ್ತಿ ಬೋಳಿಸದೆ ಅರ್ಧದಷ್ಟಾದರೂ ಎಲೆ ಉಳಿಸಿ.

ಇನ್ನು ಗುಲಾಬಿ, ಸೇವಂತಿಗೆ, ಪೆಟೂನಿಯಾಗಳಿಗೆ ನಮ್ಮ ಊರುಗಳ ಚಳಿ ಹಿತವಾಗಿಯೇ ಇರುತ್ತದೆ. ಅವನ್ನು ಮುಚ್ಚಿಡುವ ಅಗತ್ಯವಿಲ್ಲ. ಎಲ್ಲ ಗಿಡಕ್ಕೂ ಹೊದಿಕೆ ಹಾಕಿ ಆಯಾಸ ಪಡಬೇಡಿ.

ಹೊರದೇಶದಲ್ಲಿರುವ ಮಗಳಿಗೆ ಹೇಳಿ

ನಮ್ಮ ಎಷ್ಟೋ ಕುಟುಂಬಗಳ ಹೆಣ್ಣುಮಕ್ಕಳು ಇಂದು ಬ್ರಿಟನ್, ಕೆನಡಾ, ಅಮೆರಿಕಗಳಲ್ಲಿ ಸಂಸಾರ ಹೂಡಿದ್ದಾರೆ. ಊರಿನ ನೆನಪಿಗೆ ಅಲ್ಲಿಯ ನರ್ಸರಿಯಿಂದ ಒಂದು ಮಲ್ಲಿಗೆಯನ್ನೋ ದಾಸವಾಳವನ್ನೋ ತಂದು ಸಾಕುತ್ತಾರೆ. ಅಲ್ಲಿ ಈ ಗಿಡಗಳು ಚಳಿಗಾಲವನ್ನು ಹೊರಗೆ ಕಳೆಯಲಾರವು. ರಾತ್ರಿಯ ಉಷ್ಣತೆ 10 ಡಿಗ್ರಿಗೆ ಇಳಿಯುವ ಮೊದಲೇ, ಅಂದರೆ ಹೆಚ್ಚಿನ ಕಡೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿಯೇ ಮನೆಯೊಳಗೆ ತರಬೇಕು. ತರುವ ಮುನ್ನ ಎಲೆಯ ಅಡಿಭಾಗವನ್ನೂ ತೊಳೆದು ಹುಳುವಿಲ್ಲವೆಂದು ಖಾತ್ರಿ ಮಾಡಿಕೊಳ್ಳಲಿ. ದಕ್ಷಿಣದ ಕಿಟಕಿ ಉತ್ತಮ. ಹೀಟರಿನ ಬಿಸಿಗಾಳಿ ನೇರವಾಗಿ ತಾಗಬಾರದು. ಹೀಟರಿನಿಂದ ಒಣಗಿದ ಗಾಳಿಗೆ ಪರಿಹಾರವಾಗಿ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ನೀರು ತುಂಬಿ, ಕಲ್ಲಿನ ಮೇಲೆ ಕುಂಡವಿಡಬಹುದು. ಆದರೆ ಕುಂಡದ ತಳ ನೀರಿಗೆ ತಾಗಬಾರದು. ಒಳಗೆ ತಂದ ಮೊದಲ ವಾರಗಳಲ್ಲಿ ಕೆಲವು ಎಲೆ ಉದುರುವುದು ಸಹಜ.

ಡೇಲಿಯಾ ಮೂಲತಃ ಮೆಕ್ಸಿಕೋದ ಗಿಡ. ಚಳಿದೇಶಗಳಲ್ಲಿ ಮೊದಲ ಹಿಮಕ್ಕೆ ಅದರ ಎಲೆ ಕಪ್ಪಾದಾಗ ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸಿ, ಗೆಡ್ಡೆಯನ್ನು ಅಗೆದು ತೆಗೆಯುತ್ತಾರೆ. ನೆರಳಲ್ಲಿ ಆರಿಸಿ, ಒಣ ಮರಳು ಅಥವಾ ಮರದ ಹೊಟ್ಟಿನಲ್ಲಿ ಹೂತು, ಹಿಮ ತಾಗದ ತಣ್ಣನೆಯ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಕೊಳೆತದ್ದನ್ನು ಆರಿಸಿ ತೆಗೆಯುತ್ತಾರೆ. ಮತ್ತೆ ನೆಡುವಾಗ ಪ್ರತಿ ಗೆಡ್ಡೆಗೂ ಹಳೆಯ ಕಾಂಡದ ಬುಡದ ಕಣ್ಣು ಅಂಟಿಕೊಂಡಿರಬೇಕು. ಕಣ್ಣಿಲ್ಲದ ಗೆಡ್ಡೆ ಚಿಗುರುವುದಿಲ್ಲ. ವಸಂತದಲ್ಲಿ ಹಿಮದ ಭಯ ಪೂರ್ತಿ ಹೋದ ಮೇಲೆ ಕುಂಡದ ಗಿಡಗಳನ್ನು ಹೊರಗೆ ಇಡಬೇಕು. ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ವಾರ ಹತ್ತು ದಿನ ರೂಢಿ ಮಾಡಿಸಿದರೆ ಎಲೆ ಸುಡುವುದಿಲ್ಲ.

ಕೊಲ್ಲಿಯಲ್ಲಿರುವವರ ಚಿಂತೆ ಬೇರೆ. ದುಬೈ, ಜಿದ್ದಾಗಳಲ್ಲಿ ಚಳಿಗಾಲವೇ ಹೂವಿನ ಕಾಲ. ರಿಯಾದ್, ಕುವೈತ್‌ಗಳಲ್ಲಿ ಕೆಲವು ರಾತ್ರಿ ಚಳಿ ಕೊರೆಯುತ್ತದೆ, ಅಂದು ಬಾಲ್ಕನಿಯ ಕುಂಡಗಳನ್ನು ಒಳಗೆ ತಂದಿಟ್ಟರೆ ಸಾಕು.

ಒಂದು ತುಂಡು ಕೂಡಿಡಿ

ಮನೆಯ ಖರ್ಚಿನಲ್ಲಿ ನಾಲ್ಕು ಕಾಸು ತೆಗೆದಿಡುವ ಹಾಗೆ ಗಿಡದ ವಿಷಯದಲ್ಲಿಯೂ ಮಾಡಬಹುದು. ಮಳೆ ನಿಂತ ಕೂಡಲೇ, ಚಳಿ ಬಲಿಯುವ ಮುನ್ನ, ನಿಮ್ಮ ಪ್ರೀತಿಯ ದಾಸವಾಳ, ಮಲ್ಲಿಗೆ, ಕನಕಾಂಬರಗಳಿಂದ ಐದಾರು ಅಂಗುಲದ ಕಡ್ಡಿಗಳನ್ನು ಕತ್ತರಿಸಿ. ಕೆಳಗಿನ ಎಲೆ ತೆಗೆದು ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಸಣ್ಣ ಕುಂಡದಲ್ಲಿ ನೆಡಿ. ಬುಡ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ, ಬೆಳಕಿರುವ ಕಿಟಕಿಯ ಬಳಿ ಇಡಿ. ಬಾಟಲಿಯ ಮುಚ್ಚಳ ತೆಗೆದಿರಲಿ, ಗಾಳಿಯಾಡುತ್ತದೆ. ದೊಡ್ಡ ಗಿಡವನ್ನು ಒಳಗೆ ತರಲಾಗದಿದ್ದರೂ ಈ ಪುಟ್ಟ ಕುಂಡಕ್ಕೆ ಅಡುಗೆಮನೆಯ ಕಿಟಕಿಯಲ್ಲಿ ಜಾಗ ಸಿಗುತ್ತದೆ. ತಾಯಿಗಿಡ ಹೋದರೂ ಅದರ ತಳಿ ನಿಮ್ಮ ಮನೆಯಲ್ಲಿಯೇ ಉಳಿಯುತ್ತದೆ. ಎರಡು ಹೆಚ್ಚು ಬೇರೂರಿದರೆ ಒಂದನ್ನು ನೆರೆಮನೆಗೆ ಕೊಡಿ. ನಿಮ್ಮದು ಹೋದರೆ ನಾಳೆ ಅವರಿಂದಲೇ ತರಬಹುದಲ್ಲ!

ಕಿತ್ತೆಸೆಯುವ ಮುನ್ನ

ಇಷ್ಟೆಲ್ಲ ಮಾಡಿಯೂ ಗಿಡ ಒಣಗಿ ಕಡ್ಡಿಯಂತೆ ನಿಂತರೆ? ಆಗಲೂ ಅವಸರ ಬೇಡ. ಉಗುರಿನಿಂದ ಕಾಂಡದ ತೊಗಟೆಯನ್ನು ತುಸು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವವಿದೆ. ಕಂದು ಬಣ್ಣವಿದ್ದು ಒಣಗಿದ್ದರೆ ಇನ್ನೂ ಕೆಳಗೆ ಕೆರೆಯಿರಿ. ಎಷ್ಟೋ ಸಲ ಮೇಲೆಲ್ಲ ಸತ್ತಿದ್ದರೂ ಬುಡದಲ್ಲಿ ಹಸಿರು ಇರುತ್ತದೆ. ಕಾಂಡ ಪೂರ್ತಿ ಒಣಗಿದ್ದರೂ ಬೇರಿನಿಂದ ಚಿಗುರು ಬರುವುದುಂಟು.

ಫೆಬ್ರವರಿಯಲ್ಲಿ ರಾತ್ರಿಗಳು ಬೆಚ್ಚಗಾಗತೊಡಗಿದಾಗ ಒಣಗಿದ ಭಾಗವನ್ನು ಹಸಿರು ಸಿಗುವವರೆಗೆ ಕತ್ತರಿಸಿ. ಮೇಲ್ಮಣ್ಣು ಸಡಿಲಿಸಿ, ಒಂದೆರಡು ಹಿಡಿ ಹಳೆಯ ಹಟ್ಟಿಗೊಬ್ಬರ ಕೊಟ್ಟು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಮಾರ್ಚ್ ಕೊನೆಯವರೆಗಾದರೂ ಕಾಯಿರಿ. ಅಷ್ಟಾದ ಮೇಲೂ ಬುಡದಲ್ಲಿ ಹಸಿರು ಕಾಣದಿದ್ದರೆ ಮಾತ್ರ ಕೈಬಿಡಿ.

ಮನೆಯಲ್ಲಿ ಯಾರಾದರೂ ದಣಿದು ಮಲಗಿದರೆ ನಾವು ಬಾಗಿಲು ಮುಂದೆ ಮಾಡಿ, ಕಂಬಳಿ ಹೊದಿಸಿ, ಸದ್ದಿಲ್ಲದೆ ಹೊರಬರುತ್ತೇವೆ. ಮತ್ತೆ ಮತ್ತೆ ಎಬ್ಬಿಸಿ ಊಟಕ್ಕೆ ಒತ್ತಾಯಿಸುವುದಿಲ್ಲ. ಅಂಗಳದ ಗಿಡಗಳಿಗೂ ಈ ಮೂರು ತಿಂಗಳು ಅಂಥದ್ದೇ ಉಪಚಾರ ಸಾಕು. ಒಂದಿಷ್ಟು ಬೆಚ್ಚಗಿನ ಜಾಗ, ಹಿತಮಿತವಾದ ನೀರು, ಚಳಿಯ ರಾತ್ರಿಗೊಂದು ಹಳೆಯ ಬಟ್ಟೆ. ಈ ಸಲ ಚಳಿ ಜೋರಾಗುವ ಮೊದಲೇ ಒಮ್ಮೆ ಅಂಗಳಕ್ಕಿಳಿದು ಯಾವ ಕುಂಡ ಎಲ್ಲಿದೆ ಎಂದು ನೋಡಿಬನ್ನಿ.